ಎಣ್ಣಿ ಬೋಲ್ಟು ಎಷ್ಟು ಬಿಗಿ ಇದ್ರ ಸಾಕು?

ಸ್ಕೂಟರಿನ ಎಣ್ಣಿ ಮನಿಯಾಗ ನಾವೇ ಬದಲಿ ಮಾಡ್ಕೊಳ್ಳೋದು ಹೆಂಗ ಅಂತ ಸವಣೂರಿನ ವೈನಿ ಕೇಳಿ ಒಂದು ತಿಂಗಳಾತು. ಹಳೇ ಎಣ್ಣಿ ಇಳಿಸೋದು, ಹೊಸದು ಹಾಕೋದು ದೊಡ್ಡ ಮಾತಲ್ಲ. ಕೆಲಸ ಕೆಡೋದು ಎಂಜಿನ್ ಕೆಳಗಿನ ಬೋಲ್ಟನ್ನ ತಿರುಗಿ ಕೂಡಿಸಿ ಬಿಗಿ ಮಾಡೋ ಹೊತ್ತಿನಾಗ. ಸಡ್ಲ ಬಿಟ್ರ ಎಣ್ಣಿ ಸೋರಿ ಎಂಜಿನ್ ಜಾಮ್ ಆಗ್ತೈತಿ, ಅತಿ ಬಿಗಿ ಮಾಡಿದ್ರ ಒಳಗಿನ ತಿರುಪು ಕಿತ್ತು ಬರ್ತೈತಿ. ಇದಕ್ಕ ಉತ್ತರ ಬರೀಲಿಕ್ಕೆ ಕುಂತಾಗ, ಈ ಬೋಲ್ಟು ನಮ್ಮ ಅಂಗಳಕ್ಕ ಬಂದಿದ್ದ ಯಾವಾಗ ಅಂತ ವಿಚಾರ ಹತ್ತಿತು. ಅದರ ಕಥಿ ಮದ್ಲ ಹೇಳಿಬಿಡ್ತೀನಿ, ಪಾನಾ ಆಮ್ಯಾಲೆ ಹಿಡಿಯೋಣಂತ.

ಗಾಡಿಗೆ ಎಣ್ಣಿ ಹಾಕೋದು ನಮ್ಮ ಅಜ್ಜಿಯರ ಕಾಲಕ್ಕ ಅಡಗಿಮನಿಯಿಂದನ ಸುರು ಆಗ್ತಿತ್ತು. ಹಾನಗಲ್ಲ ಕಡೆ ಇರ್ಲಿ, ಹಿರೇಕೆರೂರ ಕಡೆ ಇರ್ಲಿ, ಹೊಲದ ಬದುವಿನ ಮ್ಯಾಲೆ, ಹಿತ್ತಲದಾಗ ಔಡಲ ಗಿಡ ಇರ್ತಿದ್ದವು. ಬೀಜ ಹುರದು, ಒರಳಾಗ ಕುಟ್ಟಿ, ನೀರಾಗ ಹಾಕಿ ಕುದಿಸಿದ್ರ ಎಣ್ಣಿ ಮ್ಯಾಲೆ ತೇಲಿ ಬರ್ತಿತ್ತು. ಅದನ್ನ ಸೌಟಿಲೆ ಮೆತ್ತಗ ತಗದು ಇನ್ನೊಮ್ಮೆ ಕಾಸಿ ಇಡೋದು. ಇದೆಲ್ಲಾ ಹೆಣ್ಮಕ್ಕಳ ಕೆಲಸ. ಅದ ಎಣ್ಣಿ ಕೂಸಿನ ನೆತ್ತಿಗೆ, ಅದ ದೀಪಕ್ಕ, ಹೊಟ್ಟಿ ಕಟ್ಟಿದ್ರ ಒಂದು ಚಮಚ ಬಾಯಿಗೆ. ಉಳಿದದ್ದು ಚಕ್ಕಡಿಗೆ. ಸುಟ್ಟ ಹುಲ್ಲಿನ ಕರಿ ಬೂದಿ ಜೋಡಿ ಕಲಸಿ ಕೀಲೆಣ್ಣಿ ಮಾಡಿ ಅಚ್ಚಿಗೆ ಹಚ್ತಿದ್ರು. ಗಾಲಿ ಕಳಚದಂಗ ಹಿಡಿಯೋದು ಒಂದು ಕಡಾಣಿ. ಅದಕ್ಕ ತಿರುಪಿಲ್ಲ, ಬಿಗಿಯ ಅಳತಿ ಇಲ್ಲ. ಹಾಕಿದ್ರ ಕುಂತಿತು, ಬಿದ್ರ ಗಾಲಿ ಕಳಚಿತು, ಅಷ್ಟ.

ಈ ಔಡಲೆಣ್ಣಿಗೂ ಈಗಿನ ಎಂಜಿನ್ ಎಣ್ಣಿಗೂ ಸಂಬಂಧ ಇಲ್ಲ ಅನ್ಕೋಬ್ಯಾಡ್ರಿ. ಕ್ಯಾಸ್ಟ್ರಾಲ್ ಅನ್ನೋ ಡಬ್ಬಿ ಎಲ್ಲಾರೂ ನೋಡೀರಿ. ಚಾರ್ಲ್ಸ್ ವೇಕ್‌ಫೀಲ್ಡ್ ಅನ್ನೋ ಇಂಗ್ಲಿಷರವ 1899ರಲ್ಲಿ ಎಣ್ಣಿ ಕಂಪನಿ ತಗದು, 1909ರ ಸುಮಾರಿಗೆ ತನ್ನ ಎಣ್ಣಿಗೆ ಕ್ಯಾಸ್ಟರ್ ಆಯಿಲ್, ಅಂದ್ರ ನಮ್ಮ ಔಡಲೆಣ್ಣಿ ಕೂಡಿಸಿ ಆ ಹೆಸರಿಟ್ಟ. ಮದಲನೇ ಮಹಾಯುದ್ಧದ ಎಷ್ಟೋ ವಿಮಾನದ ಎಂಜಿನ್‌ಗಳು ಔಡಲೆಣ್ಣಿ ಮ್ಯಾಲೆನ ಓಡ್ತಿದ್ದವು. ಆ ಹೊಗಿ ಕುಡದು ಪೈಲಟ್‌ರ ಹೊಟ್ಟಿ ಕೆಡ್ತಿತ್ತಂತ! ಸಣ್ಣವರಿದ್ದಾಗ ಮೂಗು ಹಿಡದು ಒಂದು ಚಮಚ ಕುಡದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನ ತಿರುಪಿನ ಕಥಿ. ತಿರುಪು ಅಂದ್ರೇನಂತ ನಮಗ ಯಾವ ಮಿಸ್ತ್ರಿನೂ ಕಲಿಸಬೇಕಾಗಿಲ್ಲ, ಕಿವಿಯಾಗ ಹಾಕ್ಕೊಂಡ ಅಡ್ಡಾಡ್ತೀವಿ. ಬೆಂಡೋಲಿ ತಿರುಪು ಒಂದು ಜೋಡಿದು ಇನ್ನೊಂದಕ್ಕ ಕೂಡೋದಿಲ್ಲ, ಹೌದಲ್ರಿ? ಹಿಂದಕ ಜಗತ್ತಿನ ಬೋಲ್ಟು-ನಟ್ಟೆಲ್ಲಾ ಹಂಗ ಇದ್ದವು. ಒಬ್ಬೊಬ್ಬ ಕಮ್ಮಾರ ಕೈಲೆ ಕೊರದದ್ದು, ಒಂದರ ನಟ್ಟು ಇನ್ನೊಂದಕ್ಕ ಹತ್ತತಿರಲಿಲ್ಲ.

ಹಾನಗಲ್ಲ ತಾರಕೇಶ್ವರ ಗುಡಿಯ ಕಂಬ ನೆನಪು ಮಾಡ್ಕೊಳ್ರಿ. ಚಾಲುಕ್ಯರ ಕಾಲದವು, ತಿರುಗಣಿ ಮ್ಯಾಲೆ ಕಲ್ಲು ತಿರುಗಿಸಿ ನುಣುಪು ಮಾಡಿದ್ದು. ಕಲ್ಲನ್ನ ಬಳಿಯಂಗ ದುಂಡಗ ಕಡಿಯೋ ವಿದ್ಯಾ ನಮ್ಮ ಊರಾಗ ಅಷ್ಟು ಹಿಂದನ ಇತ್ತು. ಆದ್ರ ದುಂಡಗ ಕಡಿಯೋದು ಬ್ಯಾರೆ, ಒಂದ ಸಮ ಏರಿಕೊಂತ ಸುತ್ತೋ ತಿರುಪು ಕಡಿಯೋದು ಬ್ಯಾರೆ. ಅದನ್ನ ಕರಾರುವಾಕ್ಕಾಗಿ ಕಡಿಯೋ ಲೇತನ್ನ ಲಂಡನ್ನಿನ ಹೆನ್ರಿ ಮಾಡ್ಸ್ಲೆ 1800ರ ಆಸುಪಾಸಿನಾಗ ಕಟ್ಟಿದ. ಅವನ ಕಡೆ ಕೆಲಸ ಕಲಿತ ಜೋಸೆಫ್ ವಿಟ್‌ವರ್ಥ್ 1841ರಲ್ಲಿ, ಇಷ್ಟು ದಪ್ಪನ ಬೋಲ್ಟಿಗೆ ಇಂಚಿಗೆ ಇಷ್ಟ ಸುತ್ತು ಅಂತ ಒಂದು ಕಟ್ಟಳಿ ಹಾಕಿಕೊಟ್ಟ. ಒಂದೂರಿನ ಬೋಲ್ಟು ಇನ್ನೊಂದೂರಿನ ನಟ್ಟಿಗೆ ಹತ್ತೋ ಕಾಲ ಬಂದದ್ದು ಆಮ್ಯಾಲೆ.

ಆ ಲೇತು ನಮ್ಮ ಮಗ್ಗಲಿಗೂ ಬಂತು. ತುಂಗಭದ್ರಾ ಹೊಳಿ ದಾಟಿದ್ರ ಹರಿಹರ. ಅಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನಿ ಸುರು ಆಗಿ ಲೇತ್ ಮಷಿನ್ ಮಾಡ್ಲಿಕ್ಕೆ ಹತ್ತಿತು. ಕಾರ್ಖಾನಿ ಮುಚ್ಚಿ ಹೋದ್ರೂ ಅದರ ಹೆಸರು ನಮ್ಮ ಕಡೆ ಹಳೇ ಮಿಸ್ತ್ರಿಗಳು ಮರತಿಲ್ಲ. ಆಮ್ಯಾಲೆ 1956ರ ಕಾಯ್ದೆ ಬಂದು ದೇಶ ಮೆಟ್ರಿಕ್ ಅಳತಿಗೆ ಹೊಳ್ಳಿತು, ಸೇರು ಹೋಗಿ ಕಿಲೋ ಬಂದಂಗ ಇಂಚು ಹೋಗಿ ಮಿಲಿಮೀಟರ್ ಬಂತು. ಮಿಸ್ತ್ರಿ ‘ಹದಿನೇಳರ ಪಾನಾ ತಾ’ ಅಂತಾನಲ್ಲ, ಅದು ಬೋಲ್ಟಿನ ತಲಿಯ ಅಗಲ, 17 ಮಿಲಿಮೀಟರ್. ಅದರಾಗ ಗುಟ್ಟೇನಿಲ್ಲ.

ಈಗ ಗಾಡಿಗೆ ಬರೂಣು. ಲೂನಾ ಬಂದದ್ದು 1972ರಾಗ, ಟಿವಿಎಸ್ 50 ಬಂದದ್ದು 1980ರಾಗ. ಎರಡೂ ಟೂ ಸ್ಟ್ರೋಕ್. ಪೆಟ್ರೋಲ್ ಜೋಡಿನ ಎಣ್ಣಿ ಕೂಡಿಸಿ ಹಾಕೋದು, ಅದು ಸುಟ್ಟು ನೀಲಿ ಹೊಗಿಯಾಗಿ ಹೋಗೋದು. ಎಂಜಿನ್ ಎಣ್ಣಿ ಇಳಿಸೋ ಮಾತ ಇರಲಿಲ್ಲ. ಚೇತಕ್ಕಿಗೆ ಗೇರ್ ಎಣ್ಣಿಯ ಬೋಲ್ಟು ಇತ್ತು ಖರೆ, ಅದನ್ನ ಮಿಸ್ತ್ರಿನ ಮುಟ್ತಿದ್ದ. 1985ರಾಗ ಹೀರೋ ಹೋಂಡಾ ಸಿಡಿ 100 ಬಂತು, ಫೋರ್ ಸ್ಟ್ರೋಕು. 2000ದ ಆಸುಪಾಸಿನಾಗ ಆಕ್ಟಿವಾ ಬಂತು, ಸೀರಿ ಉಟ್ಟವರೂ ಚೂಡಿದಾರ ಹಾಕಿದವರೂ ಹತ್ತಿದ್ರು. ರೈತರ ಎಕ್ಸ್‌ಎಲ್ ಗಾಡಿ ಸೈತ 2015ರಾಗ ಫೋರ್ ಸ್ಟ್ರೋಕ್ ಆತು. ಫೋರ್ ಸ್ಟ್ರೋಕ್‌ನಾಗ ಎಣ್ಣಿ ಸುಡೋದಿಲ್ಲ, ಎಂಜಿನ್ ತಳದಾಗ ನಿಂತು ಅದ ಎಣ್ಣಿ ಸುತ್ತಿ ಸುತ್ತಿ ಓಡಾಡ್ತೈತಿ. ಕರ್ರಗ ಆದ ಮ್ಯಾಲೆ ಇಳಿಸಲಿಕ್ಕೆ ತಳದಾಗೊಂದು ತೂತು, ಅದಕ್ಕೊಂದು ಬೋಲ್ಟು. ಹಿಂಗಾಗಿ, ಒರಳಾಗ ಕುಟ್ಟಿ ತಗೀತಿದ್ದ ಎಣ್ಣಿ ಎಂಜಿನ್ ಒಳಗ ಹೊಕ್ಕಿತು, ನಮ್ಮ ಕೈ ಬಿಟ್ಟು ಮಿಸ್ತ್ರಿ ಕೈ ಸೇರಿತು. ನನಗ ಅನಸೋದು, ಅದು ಶಕ್ತಿ ಬೇಡೋ ಕೆಲಸ ಅಂತ ನಾವು ಸುಮ್ಮನ ನಂಬಿಬಿಟ್ವಿ.

ಖರೆ ಹೇಳಬೇಕಂದ್ರ ಶಕ್ತಿನ ಇಲ್ಲಿ ವೈರಿ. ಬೋಲ್ಟು ಉಕ್ಕಿಂದು, ಎಂಜಿನ್ ಅಲ್ಯೂಮಿನಿಯಂದು. ಬಂಗಾರದ ಓಲಿ ತಿರುಪು ಜಗ್ಗಿ ಬಿಗಿ ಮಾಡಿ ಮಾಡಿ ಸವದು, ಜಾತ್ರ್ಯಾಗ ಉದರಿ ಬಿದ್ದದ್ದು ಎಷ್ಟು ಮನಿಯಾಗಿಲ್ಲ? ಮೆತ್ತನ ಲೋಹ ಅತಿ ಬಿಗಿ ತಡಕೊಳ್ಳೂದಿಲ್ಲ. ಬೋಲ್ಟು ಬಿಗಿ ಆದಾಗ ಕೂದಲೆಳಿಯಷ್ಟೂ ಅಲ್ಲ, ಅದಕ್ಕಿಂತ ಕಡಿಮಿ, ಸ್ಪ್ರಿಂಗಿನಂಗ ಹಿಗ್ಗತೈತಿ. ಹಿಗ್ಗಿದ್ದು ತಿರುಗಿ ಕುಗ್ಗಲಿಕ್ಕೆ ಜಗ್ಗತೈತಲ್ಲ, ಆ ಜಗ್ಗಾಟನ ಅದನ್ನ ಹಿಡದು ನಿಲ್ಲಸ್ತೈತಿ. ಸೋರದಂಗ ತಡಿಯೋದು ತಿರುಪಲ್ಲ, ಬೋಲ್ಟಿನ ತಲಿ ಕೆಳಗಿನ ವಾಸರ್. ಅದು ಅಲ್ಯೂಮಿನಿಯಂದು ಇಲ್ಲಾ ತಾಮ್ರದ್ದು, ತುಸು ಅಪ್ಪಚ್ಚಿ ಆಗಿ ಸಂದಿ ತುಂಬತೈತಿ. ಒಮ್ಮೆ ಅಪ್ಪಚ್ಚಿ ಆದದ್ದು ಎರಡನೇ ಸಲ ಅಷ್ಟು ಚೊಲೊ ಕೂಡೂದಿಲ್ಲ, ಅದಕ್ಕ ಪ್ರತಿ ಸಲ ಹೊಸಾದು ಹಾಕಬೇಕು. ಹಳೇ ವಾಸರ್ ಇಟ್ಟು ಸೋರ್ತೈತಿ ಅಂತ ಬೋಲ್ಟು ಇನ್ನಷ್ಟು ತಿರುವೋದು, ತಿರುಪು ಕಿತ್ತುಹೋಗೋದು ಹಿಂಗ ನೋಡ್ರಿ.

ನಮ್ಮ ಓಣಿಯ ಟೀಚರ್ ಒಬ್ಬರು ದಿನಾ ಹಳ್ಳಿ ಸಾಲಿಗೆ ಸ್ಕೂಟರ್ ಮ್ಯಾಲೆ ಹೋಗ್ತಾರ. ಒಂದು ಗ್ಯಾರೇಜಿನ ಹುಡುಗ ಪಾನಾದ ಮ್ಯಾಲೆ ಕಾಲಿಟ್ಟು ತುಳದು ಬಿಗಿ ಮಾಡಿದ್ದ. ಆ ಹೊತ್ತಿಗೆ ಒಂದು ಹನಿ ಸೋರಲಿಲ್ಲ. ಮುಂದಿನ ಸಲ ಬಿಚ್ಚಿದಾಗ ಬೋಲ್ಟಿನ ಜೋಡಿ ಬಿಳಿ ದಾರದಂಗ ಅಲ್ಯೂಮಿನಿಯಂ ಸುತ್ತಿಕೊಂಡು ಹೊರಗ ಬಂತು. ಲೇತ್ ಅಂಗಡಿಗೆ ಒಯ್ದು ಹೊಸ ತಿರುಪು ಕಡಿಸೋ ತನಕ ಅವರಿಗೆ ಬಸ್ಸೇ ಗತಿ ಆತು. ದಾರ್ಯಾಗ ಬೋಲ್ಟು ಕಳಚಿದ್ರ ಇದಕ್ಕಿಂತ ಕೆಟ್ಟ. ಸ್ಕೂಟರಿನ್ಯಾಗ ಇರೋದ ಮುಕ್ಕಾಲು ಲೀಟರ್ ಆಸುಪಾಸು ಎಣ್ಣಿ, ಖಾಲಿ ಆತು ಅಂತ ಹೇಳೋ ದೀಪ ಬಹಳಷ್ಟು ಗಾಡಿಯಾಗ ಇಲ್ಲ.

ಬಿಗಿಗೂ ಅಳತಿ ಐತಿ. ನ್ಯೂಯಾರ್ಕ್ ನಗರದ ನೀರಿನ ಇಲಾಖೆಯ ಕಾನ್ರಾಡ್ ಬಾರ್ ಅನ್ನೋವ 1918ರಲ್ಲಿ, ನೆಲದೊಳಗಿನ ಪೈಪಿನ ಬೋಲ್ಟುಗಳನ್ನ ಅತಿ ಬಿಗಿ ಮಾಡಬಾರದು ಅಂತ ಬಿಗಿ ತೋರ್ಸೋ ಪಾನಾ ಮಾಡಿದ. ಅದಕ್ಕ ಟಾರ್ಕ್ ರೆಂಚ್ ಅಂತಾರ. ನಿಮ್ಮ ಗಾಡಿಗೆ ಎಷ್ಟು ಬೇಕನ್ನೋದು ಗಾಡಿಯ ಪುಸ್ತಕದಾಗ ನ್ಯೂಟನ್ ಮೀಟರ್ ಲೆಕ್ಕದಾಗ ಇರ್ತೈತಿ, ಅದನ್ನ ನಂಬ್ರಿ. ಬಹಳಷ್ಟು ಸ್ಕೂಟರಿಗೆ 20ರಿಂದ 30ರ ಒಳಗ. 25 ಅಂದ್ರ ಎಷ್ಟು? ಗೇಣುದ್ದದ ಪಾನಾ ಅಡ್ಡ ಹಿಡದು ಅದರ ತುದಿಗೆ ಹನ್ನೆರಡು-ಹದಿಮೂರು ಲೀಟರ್ ನೀರಿನ ಕೊಡ ತೂಗಬಿಟ್ಟಷ್ಟು. ದಿನಾ ಕೊಡ ಎತ್ತೋ ಕೈಗೆ ಆ ಭಾರ ಗೊತ್ತೈತಿ. ಅದ ಪಾನಾದ ತುದಿಗೆ 60 ಕಿಲೋದ ಆಳು ನಿಂತ್ರ ಹತ್ತತ್ರ ಐದು ಪಟ್ಟು.

ಕೆಲಸ ಹಿಂಗ ಮಾಡ್ರಿ. ಗಾಡಿ ನಡು ಸ್ಟ್ಯಾಂಡ್ ಮ್ಯಾಲೆ ನಿಲ್ಲಿಸಿ ಎರಡು-ಮೂರು ಮಿನಿಟು ಎಂಜಿನ್ ಓಡಿಸಿ ಬಂದ್ ಮಾಡ್ರಿ. ಎಣ್ಣಿ ಬೆಚ್ಚಗಾದ್ರ ಸಾಕು, ಕೈ ಸುಡೋ ಅಷ್ಟು ಬ್ಯಾಡ. ಸ್ಕೂಟರಿಗೆ ಹಿಂದಿನ ಗಾಲಿ ಹತ್ರ ಗೇರ್ ಎಣ್ಣಿದು ಇನ್ನೊಂದು ಬೋಲ್ಟು ಇರ್ತೈತಿ, ಪುಸ್ತಕದ ಚಿತ್ರ ನೋಡಿ ಗುರ್ತು ಹಿಡೀರಿ. ಎಣ್ಣಿ ಪೂರಾ ಇಳದ ಮ್ಯಾಲೆ ಬೋಲ್ಟು, ಅದು ಕೂಡೋ ಜಾಗ, ಎರಡನ್ನೂ ಹಳೇ ಅರಿವಿಲೆ ಒರಸ್ರಿ. ತಿರುಪಿಗೆ ಎಣ್ಣಿ ಹಚ್ಚಬ್ಯಾಡ್ರಿ, ಜಾರಿಕೊಂತ ಲೆಕ್ಕಕ್ಕಿಂತ ಹೆಚ್ಚು ಬಿಗಿ ಆಗ್ತೈತಿ. ಹೊಸ ವಾಸರ್ ಹಾಕಿ ಬರೇ ಬೆರಳಿಲೆ ತಿರುವ್ರಿ. ನಾಲ್ಕೈದು ಸುತ್ತು ಬೆರಳಿಗೆ ಹಗುರ ಹೋಗಬೇಕು. ಬಿರುಸು ಅನಸಿದ್ರ ಓರೆ ಹತ್ತೈತಿ ಅಂತ ಅರ್ಥ. ಪೂರಾ ತಗದು, ಉಲ್ಟಾ ಒಂದು ಸುತ್ತು ತಿರುವಿ, ಟಕ್ ಅಂತ ಕುಂತ ಮ್ಯಾಲೆ ಮತ್ತ ಸುರು ಮಾಡ್ರಿ. ಪಾನಾ ಕಡೀಕ. ಟಾರ್ಕ್ ರೆಂಚ್ ಇದ್ರ ಪುಸ್ತಕದ ಅಂಕಿಗೆ ಇಟ್ಟು, ಟಕ್ ಅಂದ ಕೂಡ್ಲೆ ಕೈ ಬಿಡ್ರಿ, ಇನ್ನೊಂದು ಸಲ ಒತ್ತಬ್ಯಾಡ್ರಿ. ಇಲ್ಲದಿದ್ರ ಗೇಣುದ್ದದ್ದ ಪಾನಾ, ಒಂದ ಕೈ, ಕೊಡದ ಭಾರ. ಪೈಪು ಹಾಕಿ ಉದ್ದ ಮಾಡೋದು ಬ್ಯಾಡ, ಕಾಲಂತೂ ಬ್ಯಾಡ.

ಹೊಸ ಎಣ್ಣಿ ಹಾಕಿ ಎರಡು ಮಿನಿಟು ಓಡಿಸಿ ಕೆಳಗೊಂದು ಪೇಪರ್ ಹಾಸಿಡ್ರಿ. ಮುಂಜಾನೆದ್ದು ನೋಡಿದಾಗ ಹನಿ ಬಿದ್ದಿದ್ರ ಪಾನಾಕ್ಕ ಕೈ ಹಾಕಬ್ಯಾಡ್ರಿ, ಮದ್ಲ ವಾಸರ್ ನೋಡ್ರಿ. ಮತ್ತ ಆ ಕರಿ ಎಣ್ಣಿ ಬಚ್ಚಲಿಗೆ ಸುರವಬ್ಯಾಡ್ರಿ, ಗೆದ್ದಲಿಗೆ ಚೊಲೊ ಅಂತ ಹಿತ್ತಲ ಕಂಬಕ್ಕ ಬಳಿಯೋದೂ ಬ್ಯಾಡ, ಕೂಸು ಕುನ್ನಿ ಅಡ್ಡಾಡೋ ಜಾಗ ಅದು. ಡಬ್ಬಿಯಾಗ ತುಂಬಿ ಹಳೇ ಎಣ್ಣಿ ತಗೊಳ್ಳೋ ಗ್ಯಾರೇಜಿಗೆ ಕೊಟ್ಟುಬಿಡ್ರಿ.