ಎರಂಬರಗೆಯ ಪೇಟೆ: ಯಲಬುರ್ಗಾ ಸೀಮೆಯ ಸಂತೆಯೂರುಗಳ ಇತಿಹಾಸವನ್ನು ಕುರಿತು

ಪ್ರಾಚೀನ ನಗರಗಳನ್ನು ನೋಡಲೆಂದು ಹೊರಡುವ ಪ್ರವಾಸಿಯ ಕಣ್ಣು ಮೊದಲು ಕೋಟೆಯನ್ನರಸುತ್ತದೆ, ಅನಂತರ ದೇಗುಲವನ್ನು. ಆ ಕೋಟೆಯ ಪಡೆಗೆ ಅನ್ನವನ್ನೂ ಆ ದೇಗುಲದ ದೀಪಕ್ಕೆ ಎಣ್ಣೆಯನ್ನೂ ಒದಗಿಸಿದ ಪೇಟೆಯನ್ನು ಮಾತ್ರ ಅವನು ಗದ್ದಲದ ಬೀದಿಯೆಂದೆಣಿಸಿ ದಾಟಿಹೋಗುತ್ತಾನೆ. ಕೊಪ್ಪಳ ಜಿಲ್ಲೆಯ ಯಲಬುರ್ಗೆಯ ವಿಷಯದಲ್ಲಿ ಈ ಉಪೇಕ್ಷೆಯು ವಿಶೇಷವಾಗಿ ಹಾನಿಕರವಾದುದು. ಏಕೆಂದರೆ ಹನ್ನೆರಡನೆಯ ಶತಮಾನದಲ್ಲಿ ಎರಂಬರಗೆಯೆಂಬ ಹೆಸರಿನಿಂದ ಸಿಂದ ಮಾಂಡಲಿಕರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಅರಸೊತ್ತಿಗೆಯ ಕುರುಹುಗಳು ವಿರಳವಾಗಿವೆ. ಸಂತೆಯಾದರೋ ಇಂದಿಗೂ ಜೀವಂತವಾಗಿದೆ. ಅರಸು ಅಳಿದ ಮೇಲೂ ಸಂತೆಯು ಹೇಗೆ ಉಳಿಯಿತೆಂಬುದೇ ಈ ಲೇಖನದ ವಿಚಾರ.

ಸಿಂದರು ನಾಗವಂಶದವರೆಂದು ತಮ್ಮನ್ನು ಹೇಳಿಕೊಂಡವರು. ಕಲ್ಯಾಣದ ಚಾಳುಕ್ಯರಿಗೆ ಅಧೀನರಾಗಿ, ಕಿಸುಕಾಡು ಎಪ್ಪತ್ತು, ಕೆಲವಾಡಿ ಮುನ್ನೂರು, ನರೆಯಂಗಲ್ಲು ಹನ್ನೆರಡು ಮೊದಲಾದ ನಾಡುಗಳನ್ನು, ಎಂದರೆ ಇಂದಿನ ಕೊಪ್ಪಳ, ಗದಗ, ಬಾಗಲಕೋಟೆ ಜಿಲ್ಲೆಗಳ ಬಹುಭಾಗವನ್ನು, ಅವರು ಆಳಿದರು. ಆರನೆಯ ವಿಕ್ರಮಾದಿತ್ಯನ ಆಜ್ಞೆಯಂತೆ ಹೊಯ್ಸಳರ ಮೇಲೆ ದಂಡೆತ್ತಿ ಹೋದ ಇಮ್ಮಡಿ ಆಚುಗಿ, ಅವನ ಮಗ ಪೆರ್ಮಾಡಿ, ತರುವಾಯ ಇಮ್ಮಡಿ ಚಾವುಂಡ ಇವರೇ ಈ ಮನೆತನದ ಮುಖ್ಯ ಪುರುಷರು. ಆಚುಗಿಯು ಗೋವೆಯನ್ನು ಸುಟ್ಟನೆಂದೂ ಪೆರ್ಮಾಡಿಯು ದೋರಸಮುದ್ರವನ್ನು ಮುತ್ತಿದನೆಂದೂ ಶಾಸನಗಳು ಕೊಂಡಾಡುತ್ತವೆ. ಪ್ರಶಸ್ತಿಯ ಮಾತಿನಲ್ಲಿ ಉತ್ಪ್ರೇಕ್ಷೆಯ ಪಾಲನ್ನು ಕಳೆದರೂ, ಇಷ್ಟು ದೂರದ ದಂಡಯಾತ್ರೆಗಳಿಗೆ ಬೇಕಾದ ಧಾನ್ಯ, ದನ, ದ್ರವ್ಯಗಳು ಎಲ್ಲಿಂದಲೋ ಬರಬೇಕಾಗಿದ್ದುವಷ್ಟೆ. ಆ ಮೂಲವನ್ನು ಯುದ್ಧವರ್ಣನೆಗಳಲ್ಲಿ ಹುಡುಕಿ ಫಲವಿಲ್ಲ. ದಾನಶಾಸನಗಳ ಕೊನೆಯಲ್ಲಿ, ಸಾಮಾನ್ಯ ಓದುಗನು ಬೇಸತ್ತು ಬಿಟ್ಟುಬಿಡುವ ಸುಂಕದ ಪಟ್ಟಿಗಳಲ್ಲಿ ಹುಡುಕಬೇಕು.

ಆ ಪಟ್ಟಿಗಳ ಲೋಕವೇ ಬೇರೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು. ಎತ್ತಿನ ಬೆನ್ನ ಮೇಲೆ ಬರುವ ಹೇರು. ಹೇರಿಗೆ ಇಷ್ಟೆಂದು ವೀಳೆಯದೆಲೆ, ಗಾಣಕ್ಕೆ ಇಷ್ಟೆಂದು ಎಣ್ಣೆ. ಅಳೆಯಲು ಕೊಳಗ, ಮಾನ, ಸೊಲ್ಲಿಗೆ. ಎಣಿಸಲು ಗದ್ಯಾಣ, ಪಣ, ಹಾಗ, ವೀಸ. ಈ ಸೀಮೆಯಿಂದ ಪಶ್ಚಿಮಕ್ಕೆ ಅನತಿದೂರದಲ್ಲಿರುವ ಲೊಕ್ಕಿಗುಂಡಿಯ, ಇಂದಿನ ಲಕ್ಕುಂಡಿಯ, ಹೆಸರನ್ನೇ ಹೊತ್ತ ಲೊಕ್ಕಿ ಗದ್ಯಾಣವು ಆ ಕಾಲದಲ್ಲಿ ನೆಚ್ಚಿಗೆಯ ನಾಣ್ಯವಾಗಿದ್ದಿತು. ಅಯ್ಯಾವೊಳೆಯ ಐನೂರ್ವರೆಂಬ ವಣಿಕ್ ಸಮೂಹದ ಕೀರ್ತಿಯು ಸಮುದ್ರದಾಚೆಗೂ ಹಬ್ಬಿದ್ದ ಕಾಲವದು. ಅವರ ತವರೂರಾದ ಐಹೊಳೆಯು ಸಿಂದರ ನಾಡುಗಳ ನೆರೆಯದು. ಇಂಥ ಸನ್ನಿವೇಶದಲ್ಲಿ ಎರಂಬರಗೆಯು ಬರಿಯ ಪಾಳೆಯವಾಗಿದ್ದಿತೆಂದು ಭಾವಿಸುವುದು ಸಾಧುವಲ್ಲ.

ಆದರೆ ಈ ಪೇಟೆಗಳ ಅಧಿಕಾರವು ಯಾರಿಂದ ಬಂದಿತು? ಅರಸನು ದಯಪಾಲಿಸಿದನೋ, ಊರವರು ತಾವಾಗಿ ಕಟ್ಟಿಕೊಂಡರೋ? ಈ ಪ್ರಶ್ನೆಗೆ ಉತ್ತರ ಕೊಡುವ ಅಮೂಲ್ಯವಾದ ಆಧಾರವೊಂದು, ಅದೇ ಕಿಸುಕಾಡು ನಾಡಿನ ಸೂಡಿಯಲ್ಲಿ, ಇಂದಿನ ಗಜೇಂದ್ರಗಡದ ಹತ್ತಿರ, ದೊರೆತಿದೆ. ಕ್ರಿ. ಶ. 1050ರ ಸುಮಾರಿಗೆ ಅಲ್ಲಿ ಆಳುತ್ತಿದ್ದವಳು ಚಾಳುಕ್ಯ ಇಮ್ಮಡಿ ಜಯಸಿಂಹನ ಸೋದರಿಯೂ ಒಂದನೆಯ ಸೋಮೇಶ್ವರನ ಸೋದರತ್ತೆಯೂ ಆದ ಅಕ್ಕಾದೇವಿ. ಗೋಕಾಗೆಯ ಕೋಟೆಗೆ ತಾನೇ ಮುತ್ತಿಗೆ ಹಾಕಿದ ಧೀರೆ, ರಣಭೈರವಿಯೆಂದು ಬಿರುದು ಪಡೆದವಳು. ಆ ಕಾಲದ ಶಾಸನವೊಂದು ಹೇಳುವುದಿದು: ಚೋಳರೊಡನೆ ನಡೆದ ಯುದ್ಧದ ಸಂಕಟದಲ್ಲಿ ಸೂಡಿಯ ಎಂಟು ಮಂದಿ ಸೆಟ್ಟಿಗಳೂ ಎಂಬತ್ತು ಒಕ್ಕಲೂ ಸೇರಿದ ಸಮುದಾಯದ ಕಟ್ಟಳೆಯು ಭಾಗಶಃ ಕುಸಿದುಹೋಗಿರಲು, ಅಕ್ಕಾದೇವಿಯು ವಿಕ್ರಮಪುರದ ಬೀಡಿನಲ್ಲಿದ್ದಾಗ ಅಮಾತ್ಯರೊಡಗೂಡಿ ಅದನ್ನು ಮರಳಿ ಸ್ಥಿರಪಡಿಸಿದಳು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ರಾಣಿಯು ಹೊಸ ಹಕ್ಕನ್ನು ಸೃಷ್ಟಿಸಲಿಲ್ಲ. ಹಿಂದೆಯೇ ಇದ್ದುದು ಕೆಟ್ಟಿತ್ತು, ಅದನ್ನು ನೆಟ್ಟಗೆ ಮಾಡಿದಳು. ಪೇಟೆಯ ಕಟ್ಟಳೆಯು ಆಳ್ವಿಕೆಗಿಂತ ಹಿರಿಯದೆಂಬುದನ್ನು ಆ ರಾಜಶಾಸನವೇ ಒಪ್ಪಿಕೊಂಡಂತಾಯಿತು. ಕನ್ನಡ ನಾಡಿನ ನಗರಾಡಳಿತದ ಇತಿಹಾಸವನ್ನು ಬರೆಯುವವರು ಈ ಕಲ್ಲಿಗೆ ಕೊಡಬೇಕಾದಷ್ಟು ಮನ್ನಣೆಯನ್ನು ಇನ್ನೂ ಕೊಟ್ಟಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಇದರ ವೈಶಿಷ್ಟ್ಯವು ಹೊರನಾಡಿನ ಒಂದು ಊರಿನೊಡನೆ ಹೋಲಿಸಿದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. ಐರ್ಲೆಂಡಿನ ಸಂತೆಪಟ್ಟಣಗಳನ್ನು ಇಲ್ಲಿ ನೆನೆಯಲು ಕಾರಣವುಂಟು. ಸುರಪುರದಲ್ಲಿ ಅಧಿಕಾರಿಯಾಗಿದ್ದು, ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿದ್ವಾಂಸರ ಗಮನಕ್ಕೆ ತಂದ ಮೆಡೋಸ್ ಟೇಲರನು ನಿವೃತ್ತನಾದ ಮೇಲೆ ಡಬ್ಲಿನ್ ನಗರದ ಹತ್ತಿರ ನೆಲೆಸಿ, ದಖ್ಖನಿನ ಇಂಥ ಕಲ್ಲುಗೋರಿಗಳನ್ನು ಕುರಿತ ತನ್ನ ಪ್ರಬಂಧವನ್ನು ರಾಯಲ್ ಐರಿಷ್ ಅಕಾಡೆಮಿಯ ಮುಂದಿಟ್ಟನು. ಕಲ್ಲುಗೋರಿಗಳ ವಿಷಯದಲ್ಲಿ ಅವನು ತೊಡಗಿದ ತೌಲನಿಕ ದೃಷ್ಟಿಯನ್ನು ಪೇಟೆಗಳ ವಿಷಯಕ್ಕೆ ವಿಸ್ತರಿಸುವುದು ಅಸಂಗತವಾಗಲಾರದು. ಆ ದೇಶದ ನೋರ್ ನದಿಯ ತಡಿಯ ಕಿಲ್ಕೆನಿಯನ್ನು ತೆಗೆದುಕೊಳ್ಳೋಣ. ಊರಿನ ಒಂದು ತುದಿಯಲ್ಲಿ ದುರ್ಗ, ಇನ್ನೊಂದು ತುದಿಯಲ್ಲಿ ಸಂತ ಕ್ಯಾನಿಸನ ಮಹಾದೇವಾಲಯ, ನಡುವೆ ಪೇಟೆಬೀದಿ. ಆ ಬೀದಿಯಲ್ಲಿ 1761ರಲ್ಲಿ ಕಟ್ಟಿದ, ಕೆಳಗೆ ಕಮಾನುಗಳ ಮೊಗಸಾಲೆಯುಳ್ಳ ಥೋಲ್ಸೆಲ್ ಎಂಬ ಪುರಭವನ. ಕೋಟೆ, ಗುಡಿ, ಪೇಟೆಗಳ ಈ ಸಂಬಂಧವು ನಮ್ಮ ಕಣ್ಣಿಗೆ ಅಪರಿಚಿತವಾದುದೇನಲ್ಲ. ಆದರೆ ಆ ಪುರವಾಸಿಗಳು ತಮ್ಮ ಹಕ್ಕುಗಳಿಗೆ ಆಧಾರವಾಗಿ ತೋರಿಸುತ್ತಿದ್ದುದು 1207ರಲ್ಲಿ ವಿಲಿಯಂ ಮಾರ್ಷಲ್ ಎಂಬ ಪ್ರಭುವು ಕೊಟ್ಟ ಸನ್ನದನ್ನು. ಹಕ್ಕು ಅಲ್ಲಿ ಪ್ರಭುವಿನ ಕೈಯಿಂದ ಕೆಳಗಿಳಿಯಿತು. ಅದಕ್ಕಿಂತ ಒಂದೂವರೆ ಶತಮಾನದಷ್ಟು ಹಿಂದೆಯೇ ಸೂಡಿಯ ಸೆಟ್ಟಿಗಳಿಗೂ ಒಕ್ಕಲುಗಳಿಗೂ ರಾಣಿಯಿಂದ ಬೇಕಾಗಿದ್ದುದು ಸ್ಥಿರೀಕರಣವೊಂದೇ. ಒಂದೆರಡು ಊರುಗಳ ಸಾಕ್ಷ್ಯದಿಂದ ಎರಡು ದೇಶಗಳ ಚರಿತ್ರೆಯನ್ನು ತೂಗಬಾರದೆಂಬುದು ನಿಜ. ಆದರೂ ಈ ಭೇದವು ಚಿಂತನಾರ್ಹವಾದುದು.

ಪೇಟೆಯ ಸಂಪತ್ತು ಕಲ್ಲಾಗಿ ಮೂರ್ತಿವೆತ್ತುದನ್ನು ಕಾಣಬೇಕಾದರೆ ಪ್ರವಾಸಿಯು ಕುಕನೂರಿನ ಮಾರ್ಗವಾಗಿ ಇಟಗಿಗೆ ಹೋಗಬೇಕು. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳೂ ಅನಂತರದ ಕಲ್ಲೇಶ್ವರನ ಗುಡಿಯೂ ಇವೆ. ಇಟಗಿಯಲ್ಲಿ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವಾಲಯವಿದೆ. ಶಾಸನಕವಿಯು ಅದನ್ನು ದೇವಾಲಯ ಚಕ್ರವರ್ತಿಯೆಂದು ಕರೆದನು. ಕಡೆದ ಕಂಬಗಳ ಆ ತೆರೆದ ಸಭಾಮಂಟಪದಲ್ಲಿ ಒಂದು ಗಳಿಗೆ ಕುಳಿತವರಾರೂ ಆ ಬಿರುದನ್ನು ಅತಿಶಯೋಕ್ತಿಯೆನ್ನಲಾರರು. ಬಳಪದ ಕಲ್ಲಿನ ಮೈಯಲ್ಲಿ ಉಳಿಯು ಬರೆದ ಬಳ್ಳಿಯ ಸುರುಳಿಗಳು ಇನ್ನೂ ಮಾಸಿಲ್ಲ. ಕಂಬದ ಅಂಚಿನ ಮೇಲೆ ಬೆರಳಾಡಿಸಿದರೆ ಒಂಬೈನೂರು ವರ್ಷಗಳ ಬಿಸಿಲುಮಳೆಗಳ ಅನಂತರವೂ ಅದು ಹರಿತವಾಗಿಯೇ ತಾಕುತ್ತದೆ. ಎರೆಯ ಭೂಮಿಯ ನಡುವಣ ಒಂದು ಸಣ್ಣ ಊರಿನಲ್ಲಿ ಇಂಥ ಕಟ್ಟಡವೆದ್ದಿತೆಂದರೆ, ಕಲ್ಲನ್ನು ಸಾಗಿಸಿದ ಬಂಡಿಗಳನ್ನೂ ರೂವಾರಿಗಳಿಗೆ ಕಾಳು ಅಳೆದ ಅಂಗಡಿಗಳನ್ನೂ ನಾವು ಮನಸ್ಸಿನಲ್ಲಿ ತುಂಬಿಕೊಳ್ಳದೆ ವಿಧಿಯಿಲ್ಲ.

ಸಿಂದರ ಅರಸೊತ್ತಿಗೆಯು ಬಹುಕಾಲ ಬಾಳಲಿಲ್ಲ. ಚಾಳುಕ್ಯರ ಶಕ್ತಿಯುಡುಗಿ, ಕಳಚುರ್ಯ ಬಿಜ್ಜಳನ ಏಳುಬೀಳುಗಳೂ ಮುಗಿದು, ಕೊನೆಗೆ ಹೊಯ್ಸಳ ಇಮ್ಮಡಿ ಬಲ್ಲಾಳನೂ ಸೇವುಣರೂ ಈ ನೆಲಕ್ಕಾಗಿ ಕಾದಾಡಿದರು. 1192ರ ಹೊತ್ತಿಗೆ ಬಲ್ಲಾಳನು ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟಿದ್ದನು. ಅನಂತರದ ವಿಜಯನಗರ, ಬಿಜಾಪುರ, ಮರಾಠರ ಕಾಲಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕೊಪ್ಪಳದ ಕೋಟೆಯು 1786ರಲ್ಲಿ ಟಿಪ್ಪುವಿನ ವಶವಾಗಿ, ಅವನಿಂದ ಬಲಗೊಂಡು, ಕೆಲವೇ ವರ್ಷಗಳಲ್ಲಿ ನಿಜಾಮನ ಮತ್ತು ಇಂಗ್ಲಿಷರ ಕೈಸೇರಿತು; ಆ ಮೇಲೆ ಈ ಸೀಮೆಯೆಲ್ಲ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದು, 1948ರಲ್ಲಿ ಸಂಸ್ಥಾನವು ವಿಲೀನವಾಗಿ, 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿ, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಆಳುವವರ ಹೆಸರುಗಳೂ ದಫ್ತರದ ಭಾಷೆಯೂ ಬದಲಾದುವು. ಜೋಳ, ಹತ್ತಿ, ಕಡಲೆ, ಕುಸುಬೆಗಳು ಬೆಳೆಯುವ ನೆಲ ಬದಲಾಗಲಿಲ್ಲ. ಬೆಳೆದುದನ್ನು ಮಾರಿ ಬೇಕಾದುದನ್ನು ಕೊಳ್ಳುವ ಅಗತ್ಯವೂ ಬದಲಾಗಲಿಲ್ಲ.

ಯಲಬುರ್ಗೆಯ ಸಂತೆಯಲ್ಲಿ ನಾನು ಕಂಡ ಒಂದು ವ್ಯವಹಾರವನ್ನು ಇಲ್ಲಿ ದಾಖಲಿಸುವುದು ಉಚಿತ. ಗೋಣಿತಟ್ಟಿನ ಮೇಲೆ ಕಡಲೆಯನ್ನು ರಾಶಿ ಹಾಕಿಕೊಂಡು ಕುಳಿತ ಮುದುಕಿಯೊಬ್ಬಳು, ಕಬ್ಬಿಣದ ಸೇರನ್ನು ರಾಶಿಯೊಳಗೆ ಒತ್ತಿ ತುಂಬಿ, ಎಡಗೈಯನ್ನು ಅಂಚಿಗೆ ಆತು, ಕಾಳು ಗೋಪುರದಂತೆ ಏರಿ ಇನ್ನು ನಿಲ್ಲದೆನ್ನುವವರೆಗೂ ಸುರಿದು ಅಳೆದಳು. ಕೊಳ್ಳಲು ಬಂದ ಹರೆಯದ ರೈತನು ಚೀಲವನ್ನು ಮುಚ್ಚಲಿಲ್ಲ. “ಯವ್ವಾ, ಕೊಸರು ಹಾಕಲಿಲ್ಲಲ್ಲ” ಎಂದನು. “ಹಾಕ್ತೀನೋ ನಮ್ಮಪ್ಪಾ, ಕೊಸರಿಲ್ದ ಎಲ್ಲಿ ಯಾಪಾರ” ಎಂದು ಆಕೆಯು ಒಂದು ಬೊಗಸೆ ಕಾಳನ್ನು ಮೇಲೆ ಸುರಿದಳು. ಕಾನೂನಿನ ತೂಕವು ಕಿಲೋಗ್ರಾಮಾಗಿ ದಶಕಗಳಾದರೂ ಸೇರೂ ಕೊಸರೂ ಅಲ್ಲಿ ನಡೆಯುತ್ತವೆ. ಯಾವ ಸರಕಾರವೂ ವಿಧಿಸದ, ಯಾವ ಕಾಗದದಲ್ಲಿಯೂ ಬರೆಯದ, ಆದರೆ ಮಾರುವವರೂ ಕೊಳ್ಳುವವರೂ ಮೀರಲೊಲ್ಲದ ಈ ನಡವಳಿಕೆಯನ್ನು ನೋಡಿದಾಗಲೇ ಸೂಡಿಯ ಎಂಟು ಸೆಟ್ಟಿಗಳ ಕಟ್ಟಳೆಯ ಸ್ವರೂಪವೇನೆಂಬುದು ನನಗೆ ಹೊಳೆದುದು. ಆ ಮುದುಕಿಯ ರಾಶಿಯ ಪಕ್ಕದಲ್ಲಿಯೇ ಮೊರ, ಬುಟ್ಟಿ, ದನದ ಹಗ್ಗ, ಕಂಬಳಿಗಳ ಸಾಲು. ಮಿರ್ಚಿ ಕರಿಯುವ ಬಾಣಲೆಯ ಸುತ್ತ ಹಳ್ಳಿಗಳಿಂದ ಬಂದವರ ಗುಂಪು, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ, ಬಾಯಲ್ಲಿ ಬೀಗರ ಸುದ್ದಿ, ಎತ್ತಿನ ಬೆಲೆ, ಮಳೆಯ ಮಾತು.

ಹೀಗಾಗಿ ಅರಸು ಅಳಿದ ಮೇಲೂ ಸಂತೆಯು ಉಳಿದುದಕ್ಕೆ ಕಾರಣವನ್ನು ಭೂಗುಣದಲ್ಲಿ ಮಾತ್ರ ಹುಡುಕಿದರೆ ಸಾಲದು. ಮೇಲಿನಿಂದ ಬಂದ ಹಕ್ಕು ಮೇಲಿನವನೊಡನೆ ಹೋಗುತ್ತದೆ. ತಮ್ಮೊಳಗೆ ತಾವು ಮಾಡಿಕೊಂಡ ಕಟ್ಟಳೆಯು ಯುದ್ಧದಲ್ಲಿ ಮುಗ್ಗರಿಸಿದರೂ, ಸೂಡಿಯಲ್ಲಿ ಆದಂತೆ, ಮತ್ತೆ ಎದ್ದು ನಿಲ್ಲಬಲ್ಲುದು. ಸಿಂದರ ಕಾಲದ ಎರಂಬರಗೆಯ ಪೇಟೆಯೂ ಇಂಥದೇ ಆಗಿದ್ದಿರಬೇಕೆಂಬುದು ನನ್ನ ಊಹೆ; ನೆರೆಯ ಊರಿನ ಸಾಕ್ಷ್ಯದಿಂದ ಕಟ್ಟಿದ ಊಹೆಯೆಂಬುದನ್ನು ಮರೆಮಾಚಲಾರೆ.

ಈ ಸೀಮೆಯನ್ನು ನೋಡಬಯಸುವವರು ಸೂಡಿಯಿಂದ ತೊಡಗುವುದು ಒಳ್ಳೆಯದು. ಜೋಡುಕಳಶದ ಗುಡಿಯನ್ನೂ ನಾಗಕುಂಡವನ್ನೂ ಕಂಡು, ಅಲ್ಲಿಂದ ಇಟಗಿಗೂ ಕುಕನೂರಿಗೂ ಬಂದು, ಕಡೆಯಲ್ಲಿ ಯಲಬುರ್ಗೆಯನ್ನು ಸೇರಬೇಕು. ಗದಗ ಮತ್ತು ವಾಡಿಗಳ ನಡುವೆ ಹಾಕುತ್ತಿರುವ ರೈಲುದಾರಿಯು ತಳಕಲ್ಲಿನಿಂದ ಕುಕನೂರು, ಯಲಬುರ್ಗೆಗಳನ್ನು ಹಾದು ಕುಷ್ಟಗಿಯ ಕಡೆಗೆ ಸಾಗುವುದರಿಂದ ಪ್ರಯಾಣವು ಹಿಂದಿನಷ್ಟು ಶ್ರಮದ್ದಲ್ಲ. ಬರುವುದಾದರೆ ಮಾಘ ಫಾಲ್ಗುಣಗಳಲ್ಲಿ ಬರಬೇಕು: ಹಿಂಗಾರಿ ಜೋಳದ ರಾಶಿ ಕಣದಿಂದ ಏಳುವ, ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ, ಸಂತೆಯು ತನ್ನ ಪೂರ್ಣಪ್ರಮಾಣದಲ್ಲಿ ನೆರೆಯುವ ಕಾಲವದು.