ಆನ್‌ಲೈನ್ ಬೋಧನೆ, ತಿಪಟೂರು ಸೀಮೆಯ ಪದವಿ ಕಾಲೇಜುಗಳಲ್ಲಿ

ಪದವಿ ತರಗತಿಯ ಪಾಠ, ಟಿಪ್ಪಣಿ, ಕಿರುಪರೀಕ್ಷೆಗಳನ್ನು ಅಂತರ್ಜಾಲ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ನಡೆಸುವ ಬೋಧನಾಕ್ರಮ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ರಾಜ್ಯದಲ್ಲಿ ಈ ಕ್ರಮಕ್ಕೆ ಮುನ್ನುಡಿಯಾದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಜುಸ್ಯಾಟ್ ಉಪಗ್ರಹ ಪಾಠಗಳು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ವೇದಿಕೆ ‘ಸ್ವಯಂ’ ಬಂತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕಾಲೇಜುಗಳು ಮುಚ್ಚಿದಾಗ, ಅದುವರೆಗೆ ಐಚ್ಛಿಕವಾಗಿದ್ದ ಆನ್‌ಲೈನ್ ಪಾಠ ಅನಿವಾರ್ಯವಾಯಿತು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಿಸಿತು.

ನೇರ ತರಗತಿಗೆ ಜೂಮ್, ಗೂಗಲ್ ಮೀಟ್ ಬಳಕೆಯಾದರೂ ಹೆಚ್ಚು ನೆಲೆಯೂರಿದ್ದು ವಾಟ್ಸ್ಆ್ಯಪ್ ಗುಂಪು. ಅಧ್ಯಾಪಕರು ಕೈಬರಹದ ಟಿಪ್ಪಣಿಯನ್ನು ಫೋನಿನಲ್ಲೇ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಗುಂಪಿಗೆ ಹಾಕುತ್ತಾರೆ. ಜೊತೆಗೆ ಯೂಟ್ಯೂಬ್ ಪಾಠದ ಕೊಂಡಿ, ಗೂಗಲ್ ಫಾರ್ಮ್‌ನ ಪ್ರಶ್ನೆಗಳು. ಕಡಿಮೆ ಡೇಟಾ ಸಾಕು, ಸಿಗ್ನಲ್ ಸಿಕ್ಕಾಗ ತೆರೆದು ಓದಬಹುದು. ಕಾಯಿ ಕೀಳಿಸುವ ದಿನ ತೋಟದಲ್ಲೇ ಉಳಿದ ವಿದ್ಯಾರ್ಥಿಗೆ ತಪ್ಪಿದ ಪಾಠ ದಕ್ಕುವುದು ಇದರ ನಿಜವಾದ ಪ್ರಯೋಜನ. ಮನೆಗೊಂದೇ ಫೋನ್ ಇರುವಲ್ಲಿ ಮತ್ತು ರಸಾಯನಶಾಸ್ತ್ರದಂಥ ಪ್ರಯೋಗಾಲಯದ ವಿಷಯಗಳಲ್ಲಿ ಇದರ ಉಪಯೋಗ ಸೀಮಿತ.