ಕೈ ಕಂಡಿತು, ಕಣ್ಣು ಕಾಣಲಿಲ್ಲ

1895ರಲ್ಲಿ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಎಕ್ಸ್-ರೇಯನ್ನು ಕಂಡುಹಿಡಿದರು. ಮರುವರ್ಷವೇ ವೈದ್ಯರು ಅದನ್ನು ಬಳಸತೊಡಗಿದರು. ರೋಗಿಯ ಮೂಳೆಯನ್ನು ತೋರಿಸಿದ ಆ ಕಿರಣ, ಅದರ ಜೊತೆ ದುಡಿದವರ ಕೈಗಳನ್ನು ಸುಟ್ಟಿತು. ಎಡಿಸನ್‌ರ ಸಹಾಯಕ ಕ್ಲಾರೆನ್ಸ್ ಡಾಲಿ ಎರಡೂ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. ಇಂತಹ ಬಲಿಗಳ ನೆನಪಿಗೆ 1936ರಲ್ಲಿ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕವೇ ಎದ್ದು ನಿಂತಿತು.

ಸುಟ್ಟ ಕೈ ಎಲ್ಲರಿಗೂ ಕಾಣುತ್ತದೆ. ಆದರೆ ಕಣ್ಣಿನ ಮಸೂರಕ್ಕೆ ತಗುಲಿದ ಪೆಟ್ಟು ನೋಯುವುದಿಲ್ಲ. ಎಷ್ಟೋ ವರ್ಷಗಳ ನಂತರ ಪೊರೆಯಾಗಿ ತಲೆದೋರುತ್ತದೆ. ಆಗ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ 1980ರಲ್ಲಿ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಮಿತಿ ಹಾಕಿತು. ಅದು ಮೂರು ದಶಕ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಹೃದಯದ ರಕ್ತನಾಳ ತೆರೆಯುವ ಆಂಜಿಯೋಪ್ಲಾಸ್ಟಿ ಬಂದಿತ್ತು. ಈ ಚಿಕಿತ್ಸೆಯಲ್ಲಿ ವೈದ್ಯರು, ನರ್ಸ್‌ಗಳು ಕಿರಣದ ಪಕ್ಕದಲ್ಲೇ ನಿಲ್ಲುತ್ತಾರೆ. ರೋಗಿಯ ದೇಹಕ್ಕೆ ಬಡಿದು ಚೆದರಿದ ಕಿರಣ ಅವರತ್ತ ಬರುತ್ತದೆ. ಸೀಸದ ಏಪ್ರನ್ ಎದೆಯನ್ನು ಕಾಯುತ್ತದೆ, ಮುಖ ಮಾತ್ರ ಬಯಲು. ಏಪ್ರನ್ನಿನ ಒಳಗೆ ಧರಿಸುವ ಬ್ಯಾಡ್ಜ್ ಎದೆಯ ಲೆಕ್ಕ ಕೊಡುತ್ತದೆ. ಕಣ್ಣಿನ ಲೆಕ್ಕ ಕೊಡುವವರು ಯಾರು?

ಸರಿಯಾದ ದಾರಿಯೆಂದರೆ ಕಣ್ಣಿನ ಪಕ್ಕದಲ್ಲೇ ಪುಟ್ಟ ಮಾಪಕ ಇಟ್ಟು, ಚರ್ಮದಿಂದ 3 ಮಿಲಿಮೀಟರ್ ಆಳದ ಪ್ರಮಾಣವನ್ನು ಅಳೆಯುವುದು. ಅದಿಲ್ಲದಿದ್ದರೆ ಏಪ್ರನ್ನಿನ ಹೊರಗೆ ಕಾಲರ್ ಬಳಿ ಇಟ್ಟ ಬ್ಯಾಡ್ಜಿನಿಂದ ಅಂದಾಜು ಮಾಡಬಹುದು. ಅದೂ ಇಲ್ಲದಿದ್ದರೆ ಎಷ್ಟು ವರ್ಷ ದುಡಿದಿರಿ, ಎಷ್ಟು ಚಿಕಿತ್ಸೆ ನಡೆಸಿದಿರಿ, ಸೀಸದ ಕನ್ನಡಕ ಹಾಕಿದ್ದಿರಾ ಎಂದು ಕೇಳಿ ಲೆಕ್ಕ ಹಾಕಬೇಕು. ಕೊಳವೆ ಸಾಮಾನ್ಯವಾಗಿ ವೈದ್ಯರ ಎಡಕ್ಕಿರುವುದರಿಂದ ಎಡಗಣ್ಣಿಗೇ ಹೆಚ್ಚು ಪಾಲು.

ಹೀಗೆ ಕೇಳಿ, ಕಣ್ಣನ್ನೂ ಪರೀಕ್ಷಿಸಿದ ಮಲೇಷ್ಯಾದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದ 56 ಹೃದ್ರೋಗ ತಜ್ಞರಲ್ಲಿ 29 ಮಂದಿಗೆ, 11 ನರ್ಸ್‌ಗಳಲ್ಲಿ 5 ಮಂದಿಗೆ ಮಸೂರದ ಹಿಂಭಾಗದಲ್ಲಿ ಬದಲಾವಣೆಗಳಿದ್ದವು. ಈ ಕೆಲಸ ಮಾಡದ 22 ಮಂದಿಯಲ್ಲಿ ಅಂಥವರು ಇಬ್ಬರೇ. ಸಂಖ್ಯೆ ಸಣ್ಣದು, ಎಚ್ಚರಿಕೆ ಸಣ್ಣದಲ್ಲ. 2011ರಲ್ಲಿ ಆಯೋಗ ತನ್ನ ಮಿತಿಯನ್ನು ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್‌ಗೆ ಇಳಿಸಿತು. ಯಾವುದೇ ಒಂದು ವರ್ಷದಲ್ಲಿ 50 ಮೀರಬಾರದೆಂದಿತು.

ಮಿತಿ ಕಾಗದದ ಮೇಲೆ ಇಳಿದರೆ ಸಾಲದು. ಛಾವಣಿಯಿಂದ ತೂಗುವ ಸೀಸದ ಗಾಜಿನ ಪರದೆ, ಸೀಸದ ಕನ್ನಡಕ ಎಲ್ಲರಿಗೂ ಸಿಗಬೇಕು. ತಜ್ಞ ವೈದ್ಯರ ಕಣ್ಣಿನಷ್ಟೇ ಪಕ್ಕದಲ್ಲಿ ನಿಂತ ನರ್ಸ್ ಮತ್ತು ತಂತ್ರಜ್ಞರ ಕಣ್ಣೂ ಲೆಕ್ಕಕ್ಕೆ ಬರಬೇಕು. ಪರರ ಪ್ರಾಣ ಉಳಿಸುವವರು ಅದಕ್ಕೆ ತಮ್ಮ ದೃಷ್ಟಿಯನ್ನೇ ಬೆಲೆಯಾಗಿ ತೆರುವಂತಾಗಬಾರದು.